ಗಡಿಯಾಚೆ ಹೋದ ನಮ್ಮ ಇಂಗ್ಲಿಷ್ ಮೇಷ್ಟ್ರುಗಳು

ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಕೆಲವರು ಈಚೆಗೆ ಒಂದೇ ಬಗೆಯ ಪ್ರಶ್ನೆಯನ್ನು ಕೇಳತೊಡಗಿದ್ದಾರೆ. "ಸಾರ್, ಬಿ.ಎ., ಬಿ.ಇಡಿ. ಮುಗಿಸಿದ್ದೇನೆ. ಹೊರದೇಶದಲ್ಲಿ ಇಂಗ್ಲಿಷ್ ಕಲಿಸುವ ಕೆಲಸ ನಮ್ಮಂಥವರಿಗೆ ಸಿಕ್ಕೀತೆ?" ಕೇಳುವವರ ದನಿಯಲ್ಲಿ ಆಸೆಗಿಂತ ಅಳುಕೇ ಹೆಚ್ಚು. ಕನ್ನಡ ಮಾಧ್ಯಮದಲ್ಲಿ ಓದಿ, ಐದನೆಯ ತರಗತಿಯಲ್ಲಿ ಎ ಬಿ ಸಿ ಡಿ ತಿದ್ದಿದವರು ಪರದೇಶದ ಮಕ್ಕಳಿಗೆ ಇಂಗ್ಲಿಷ್ ಹೇಳಿಕೊಡುವುದುಂಟೇ ಎಂಬ ಅಳುಕು ಅದು. ಈ ಪ್ರಶ್ನೆಗೆ ಉತ್ತರ ಹೇಳುವ ಮೊದಲು ಸ್ವಲ್ಪ ಚರಿತ್ರೆಯನ್ನು ಹೇಳಬೇಕಾಗಿದೆ. ಏಕೆಂದರೆ ಈ ದಾರಿಯನ್ನು ನಮ್ಮ ಹಿರಿಯರು ಎಂದೋ ತುಳಿದಿದ್ದಾರೆ.

ಗಡಿ ದಾಟುವುದು ನಮ್ಮ ಸೀಮೆಗೆ ಹೊಸತಲ್ಲ. 1956ರ ನವೆಂಬರ್ 1ರವರೆಗೆ ಹರಿಹರವು ಮೈಸೂರು ಸೀಮೆಯ ಅಂಚಿನ ಊರು. ತುಂಗಭದ್ರೆಯ ಸೇತುವೆ ದಾಟಿದರೆ ಮುಂಬಯಿ ಸರ್ಕಾರದ ಆಳ್ವಿಕೆ. ಬೇರೆ ಕಾನೂನು, ಬೇರೆ ಶಾಲಾ ಪದ್ಧತಿ. 1941ರಲ್ಲಿ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಬಂದ ಮೇಲೆ ಹರಿಹರದಲ್ಲಿ ಹಲವು ನಾಡಿನವರ ಮಾತು ಕೇಳಿಸತೊಡಗಿತು. ಇತ್ತ ದಾವಣಗೆರೆ ಹತ್ತಿಯ ವ್ಯಾಪಾರದಿಂದಲೂ ಗಿರಣಿಗಳಿಂದಲೂ ಬೆಳೆಯಿತು. 1958ರಲ್ಲಿ ಬಾಪೂಜಿ ವಿದ್ಯಾಸಂಸ್ಥೆ ಹುಟ್ಟಿದ ಮೇಲೆ ಗಿರಣಿಗಳ ಊರು ಕಾಲೇಜುಗಳ ಊರೂ ಆಯಿತು. ಪದವೀಧರರು ಹೆಚ್ಚಿದರು, ಅವರಿಗೆ ತಕ್ಕಷ್ಟು ಹುದ್ದೆಗಳು ಹೆಚ್ಚಲಿಲ್ಲ. ಅದೇ ಕಾಲದಲ್ಲಿ ಸಮುದ್ರದಾಚೆ ಕೆಲವು ದೇಶಗಳಲ್ಲಿ ಶಾಲೆಗಳು ಹೆಚ್ಚುತ್ತಿದ್ದವು, ಶಿಕ್ಷಕರಿರಲಿಲ್ಲ.

ಮೊದಲು ನೆನೆಯಬೇಕಾದುದು ಇಥಿಯೋಪಿಯವನ್ನು. 1936ರಿಂದ 1941ರವರೆಗೆ ಇಟಲಿಯ ವಶದಲ್ಲಿದ್ದಾಗ ಆ ದೇಶದ ಓದಿದ ತಲೆಮಾರಿನಲ್ಲಿ ಅನೇಕರು ಕೊಲೆಯಾದರು, ಶಾಲೆಗಳು ಹಾಳಾದವು. ಸಿಂಹಾಸನಕ್ಕೆ ಮರಳಿದ ಚಕ್ರವರ್ತಿ ಹೈಲೆ ಸೆಲಾಸಿ ಶಿಕ್ಷಣ ಖಾತೆಯನ್ನು ಬಹುಕಾಲ ತಮ್ಮಲ್ಲಿಯೇ ಇಟ್ಟುಕೊಂಡು, ಮೇಲಿನ ತರಗತಿಗಳಿಗೆ ಇಂಗ್ಲಿಷನ್ನು ಮಾಧ್ಯಮವನ್ನಾಗಿ ಮಾಡಿದರು. ಕಲಿಸುವವರು ಬೇಕಾಯಿತು. ಬ್ರಿಟನ್, ಅಮೆರಿಕಗಳಿಂದ ಬರುವವರು ಸಾಲದಾದರು. ಬಂದವರ ಖರ್ಚೂ ಹೆಚ್ಚು. ಭಾರತದಲ್ಲಿ ಪದವಿಯೂ ಇದ್ದು ಶಿಕ್ಷಕ ತರಬೇತಿಯೂ ಆದವರು ಸಿಗುತ್ತಿದ್ದರು. ಹೀಗೆ 1950 ಮತ್ತು 60ರ ದಶಕಗಳಲ್ಲಿ ಭಾರತೀಯ ಶಿಕ್ಷಕರು ಇಥಿಯೋಪಿಯದ ಊರೂರಿಗೆ ಹೋದರು. ಅವರಲ್ಲಿ ಕೇರಳದವರು ಬಹಳ, ಕನ್ನಡಿಗರೂ ಇದ್ದರು. 1962ರಲ್ಲಿ ಅಮೆರಿಕದ ಪೀಸ್ ಕೋರ್ ತರುಣರು ಅಲ್ಲಿಗೆ ಬಂದಿಳಿಯುವ ಹೊತ್ತಿಗೆ ನಮ್ಮವರು ಅಲ್ಲಿ ಹಳಬರಾಗಿದ್ದರು. 1974ರ ಕ್ರಾಂತಿಯಲ್ಲಿ ಚಕ್ರವರ್ತಿಯ ಪದಚ್ಯುತಿಯೊಂದಿಗೆ ಆ ಕಾಲ ಮುಗಿಯಿತು.

ಭೂತಾನದಲ್ಲಿ 1961ರ ಮೊದಲ ಪಂಚವಾರ್ಷಿಕ ಯೋಜನೆಯೊಂದಿಗೆ ಆಧುನಿಕ ಶಾಲೆಗಳು ವಿಸ್ತಾರಗೊಂಡವು. ಮೊದಲು ಹಿಂದಿಯಲ್ಲಿ ನಡೆಯುತ್ತಿದ್ದ ಪಾಠ ಆ ದಶಕದಲ್ಲಿಯೇ ಇಂಗ್ಲಿಷಿಗೆ ತಿರುಗಿತು. ಮಾಲ್ಡೀವ್ಸ್ ಕೂಡ 1960ರ ಸುಮಾರಿನಲ್ಲಿ ರಾಜಧಾನಿ ಮಾಲೆಯ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮವನ್ನು ತಂದಿತು. ಈ ಎರಡೂ ನೆರೆದೇಶಗಳು ನಮ್ಮ ಶಿಕ್ಷಕರನ್ನು ದಶಕಗಳ ಕಾಲ ಕರೆಸಿಕೊಂಡವು.

ಆದರೆ ನನ್ನ ತಲೆಮಾರಿನವರ ಕಿವಿಯಲ್ಲಿ ನಿಂತಿರುವ ಹೆಸರು ನೈಜೀರಿಯ. 1973ರಲ್ಲಿ ಕಚ್ಚಾ ತೈಲದ ಬೆಲೆ ಏರಿ ಆ ದೇಶದ ಬೊಕ್ಕಸ ತುಂಬಿತು. 1976ರ ಸೆಪ್ಟೆಂಬರಿನಲ್ಲಿ ಸಾರ್ವತ್ರಿಕ ಪ್ರಾಥಮಿಕ ಶಿಕ್ಷಣ ಯೋಜನೆ ಜಾರಿಗೆ ಬಂದು, ಕೆಲವೇ ವರ್ಷಗಳಲ್ಲಿ ಪ್ರಾಥಮಿಕ ಶಾಲೆಯ ಮಕ್ಕಳ ಸಂಖ್ಯೆ ಇಮ್ಮಡಿಯಷ್ಟಾಯಿತು. ಪ್ರೌಢಶಾಲೆಗಳಿಗೂ ಶಿಕ್ಷಕ ತರಬೇತಿ ಕಾಲೇಜುಗಳಿಗೂ ಹೊರಗಿನವರನ್ನು ಕರೆತರಲೇಬೇಕಾಯಿತು. ನಾನು ದಾವಣಗೆರೆಯಲ್ಲಿ ಓದುತ್ತಿದ್ದ ದಿನಗಳಲ್ಲಿ ನೈಜೀರಿಯದ ಮಾತು ಮದುವೆಮನೆಗಳಲ್ಲಿಯೂ ಕೇಳಿಬರುತ್ತಿತ್ತು. ಪತ್ರಿಕೆಯಲ್ಲಿ ಜಾಹೀರಾತು ಕಂಡವರು ಪಾಸ್‌ಪೋರ್ಟಿಗೆ ಬೆಂಗಳೂರಿಗೆ ಓಡಾಡುತ್ತಿದ್ದರು. ಮೈಸೂರು ವಿಶ್ವವಿದ್ಯಾಲಯದ ಪದವಿಪತ್ರದ ನಕಲಿಗೆ ಗೆಜೆಟೆಡ್ ಅಧಿಕಾರಿಯ ಸಹಿ, ಹಳದಿ ಜ್ವರದ ಚುಚ್ಚುಮದ್ದಿನ ಪುಸ್ತಕ, ಎರಡು ಮೂರು ವರ್ಷಗಳ ಕರಾರುಪತ್ರ. ಇವಿಷ್ಟನ್ನು ಕೈಚೀಲದಲ್ಲಿಟ್ಟುಕೊಂಡು ಮುಂಬಯಿಯಿಂದ ವಿಮಾನ ಹತ್ತಿದವರಿದ್ದರು. ಊರಿನಲ್ಲಿ ಅವರ ತಂದೆತಾಯಿಗಳು ಅಂಚೆಯವನ ದಾರಿ ಕಾಯುತ್ತಿದ್ದರು. ಅವರು ಕಳುಹಿಸಿದ ಹಣದಿಂದ ತಂಗಿಯರ ಮದುವೆಯಾಯಿತು, ಹೆಂಚಿನ ಮನೆ ಆರ್‌ಸಿಸಿ ಆಯಿತು.

ಆ ಬಾಗಿಲು ತೆರೆದಷ್ಟೇ ಬೇಗ ಮುಚ್ಚಿತು. 1980ರ ದಶಕದಲ್ಲಿ ತೈಲದ ಬೆಲೆ ಕುಸಿಯಿತು. ನೈಜೀರಿಯದ ಹಲವು ರಾಜ್ಯಗಳಲ್ಲಿ ಶಿಕ್ಷಕರ ಸಂಬಳ ತಿಂಗಳುಗಟ್ಟಲೆ ಬಾಕಿ ಉಳಿಯಿತು. ಕೈಗೆ ಬಂದ ಸಂಬಳವನ್ನೂ ಊರಿಗೆ ಕಳುಹಿಸಲು ವಿದೇಶೀ ವಿನಿಮಯದ ಅಡ್ಡಿ. 1986ರಲ್ಲಿ ಅಲ್ಲಿನ ನಾಣ್ಯವಾದ ನೈರಾದ ಬೆಲೆ ಇಳಿದಾಗ ದುಡಿದುದರ ಬಹುಭಾಗ ಕರಗಿಹೋಯಿತು. ಮರಳಿದವರಲ್ಲಿ ಕೆಲವರಿಗೆ ಇಲ್ಲಿನ ಜ್ಯೇಷ್ಠತೆ ತಪ್ಪಿತ್ತು. ಕೆಲವರಿಗೆ ಹುದ್ದೆಯೇ ಇರಲಿಲ್ಲ. ಹೋದವರು ದಡ್ಡರೆಂದಾಗಲೀ ಹೋಗದವರು ಜಾಣರೆಂದಾಗಲೀ ಇದರ ಅರ್ಥವಲ್ಲ. ಒಂದು ದೇಶ ಹೊರಗಿನ ಮೇಷ್ಟ್ರನ್ನು ಕರೆಯುವುದು ತನ್ನ ಅಗತ್ಯಕ್ಕಾಗಿ. ಅದರ ಸ್ವಂತ ಶಿಕ್ಷಕರು ತಯಾರಾದೊಡನೆ ಅಥವಾ ಬೊಕ್ಕಸ ಬರಿದಾದೊಡನೆ ಕರೆ ನಿಲ್ಲುತ್ತದೆ. ಇಥಿಯೋಪಿಯ, ನೈಜೀರಿಯ ಎರಡರ ಕಥೆಯೂ ಇದೇ.

ಹಾಗಾದರೆ ನಮ್ಮವರಲ್ಲಿ ಆ ದೇಶಗಳು ಕಂಡದ್ದೇನು? ಕಡಿಮೆ ಸಂಬಳಕ್ಕೆ ಬರುತ್ತಾರೆ ಎಂಬುದೊಂದೇ ಅಲ್ಲ. ಇಂಗ್ಲಿಷನ್ನು ತಾಯಿಯಿಂದ ಪಡೆದವನಿಗೆ ಅದರ ಕಷ್ಟ ತಿಳಿಯದು. ಪಾಠದಿಂದ ಪಡೆದವನಿಗೆ ಮಗು ಎಲ್ಲಿ ಎಡವುತ್ತದೆಂಬುದು ಗೊತ್ತು. ಭಾಷೆಯನ್ನು ಕಲಿಸುವ ವಿದ್ಯೆಯೂ ಬಹುಮಟ್ಟಿಗೆ ಲಂಡನ್ನಿನಲ್ಲಿ ಹುಟ್ಟಿದ್ದಲ್ಲ. ಮೈಕೇಲ್ ವೆಸ್ಟ್ ಅವರು ಮಿತವಾದ ಶಬ್ದಗಳ ಓದುವ ಪುಸ್ತಕಗಳನ್ನು ರೂಪಿಸಿದ್ದು ಢಾಕಾದಲ್ಲಿ. ಹೆರಾಲ್ಡ್ ಪಾಮರ್ 1922ರಿಂದ ಟೋಕಿಯೋದಲ್ಲಿ ಕೆಲಸ ಮಾಡಿದರು. ನಮ್ಮ ಮೇಜಿನ ಮೇಲಿರುತ್ತಿದ್ದ ಹಾರ್ನ್‌ಬಿಯವರ ನಿಘಂಟು ಮೊದಲು ಸಿದ್ಧವಾದದ್ದು ಜಪಾನಿನಲ್ಲಿ, 1942ರಲ್ಲಿ. ಈ ವಿದ್ಯೆ 1958ರಲ್ಲಿ ಸ್ಥಾಪಿತವಾದ ಹೈದರಾಬಾದಿನ ಕೇಂದ್ರೀಯ ಇಂಗ್ಲಿಷ್ ಸಂಸ್ಥೆ ಹಾಗೂ 1963ರಲ್ಲಿ ಸ್ಥಾಪಿತವಾದ ಬೆಂಗಳೂರಿನ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆಗಳ ಮೂಲಕ ನಮ್ಮ ಹೈಸ್ಕೂಲುಗಳಿಗೆ ಬಂದಿತು. ಕಪ್ಪುಹಲಗೆಯ ಮೇಲೆ ಸಬ್‌ಸ್ಟಿಟ್ಯೂಶನ್ ಟೇಬಲ್ ಬರೆದು, ಇಡೀ ತರಗತಿಯಿಂದ ವಾಕ್ಯಗಳನ್ನು ಹೇಳಿಸಿದ್ದು ನಿಮಗೆಲ್ಲ ನೆನಪಿರಬೇಕು.

ಇಷ್ಟೇ ಅಲ್ಲ. ಎನ್. ಎಸ್. ಪ್ರಭು ಅವರು 1979ರಿಂದ 1984ರವರೆಗೆ ಬೆಂಗಳೂರು, ಮದರಾಸು ಮೊದಲಾದೆಡೆಗಳ ಸಾಧಾರಣ ಶಾಲೆಗಳಲ್ಲಿ ಒಂದು ಪ್ರಯೋಗ ನಡೆಸಿದರು. ವ್ಯಾಕರಣ ಸೂತ್ರಗಳನ್ನು ಬದಿಗಿರಿಸಿ, ರೈಲಿನ ವೇಳಾಪಟ್ಟಿ ಓದುವುದು, ನಕ್ಷೆಯಲ್ಲಿ ದಾರಿ ಹುಡುಕುವುದು ಮುಂತಾದ ಕೆಲಸಗಳ ಮೂಲಕ ಮಕ್ಕಳಿಗೆ ಇಂಗ್ಲಿಷ್ ಕಲಿಸಿದರು. 1987ರಲ್ಲಿ ಅದರ ಬಗ್ಗೆ ಅವರು ಬರೆದ ಪುಸ್ತಕವನ್ನು ಆಕ್ಸ್‌ಫರ್ಡ್ ಪ್ರಕಟಿಸಿತು. ಜಗತ್ತಿನ ಇಂಗ್ಲಿಷ್ ಶಿಕ್ಷಕರ ತರಬೇತಿಯಲ್ಲಿ ಇಂದಿಗೂ ಬೆಂಗಳೂರು ಪ್ರಯೋಗದ ಹೆಸರು ಬರುತ್ತದೆ.

ನಮ್ಮ ಭಾಷೆಯ ಹಿರಿಯ ಕವಿಯೊಬ್ಬರ ಬದುಕೂ ಇಲ್ಲಿ ಉಲ್ಲೇಖನೀಯ. ಕಾಸರಗೋಡಿನ ಕಾರಡ್ಕದಲ್ಲಿ 1940ರಲ್ಲಿ ಹುಟ್ಟಿದ ಕೆ. ವಿ. ತಿರುಮಲೇಶರು ಹೈದರಾಬಾದಿನ ಅದೇ ಇಂಗ್ಲಿಷ್ ಸಂಸ್ಥೆಯಲ್ಲಿ ಪ್ರಾಧ್ಯಾಪಕರಾಗಿದ್ದು, ನಿವೃತ್ತಿಯ ನಂತರ ಯೆಮನ್ ದೇಶಕ್ಕೆ ಹೋಗಿ ಇಂಗ್ಲಿಷ್ ಕಲಿಸಿದರು. ಮುಂದೆ 'ಅಕ್ಷಯ ಕಾವ್ಯ'ಕ್ಕಾಗಿ ಅವರಿಗೆ 2015ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಅದೇ ವರ್ಷ ಯೆಮನ್ ಯುದ್ಧದಲ್ಲಿ ಬೆಂದು, ಅಲ್ಲಿದ್ದ 4,600ಕ್ಕೂ ಹೆಚ್ಚು ಭಾರತೀಯರನ್ನು ನಮ್ಮ ಸರ್ಕಾರ ಕರೆತರಬೇಕಾಯಿತು. ಅಲ್ಲಿಯೂ ಬಾಗಿಲು ಮುಚ್ಚಿತು.

ಈಗ ಪ್ರಶ್ನೆಗೆ ಉತ್ತರ. ಕೆಲಸ ಸಿಗುತ್ತದೆ, ಆದರೆ ಎಲ್ಲ ಕಡೆಯೂ ಅಲ್ಲ. ದಕ್ಷಿಣ ಕೊರಿಯದಂತಹ ದೇಶಗಳು ಭಾಷಾಬೋಧಕರ ವೀಸಾವನ್ನು ಇಂಗ್ಲಿಷ್ ಮನೆಮಾತಿನ ಕೆಲವೇ ದೇಶಗಳ ಪ್ರಜೆಗಳಿಗೆ ಮೀಸಲಿಟ್ಟಿವೆ. 2010ರ ಒಪ್ಪಂದದಿಂದ ತರಬೇತಾದ ಭಾರತೀಯ ಶಿಕ್ಷಕರಿಗೆ ಅಲ್ಲೊಂದು ಕಿಂಡಿ ತೆರೆದರೂ ಅದು ಕಿಂಡಿಯೇ ಸರಿ. ಕಲಿಸುವ ಬಲ್ಮೆಗಿಂತ ಪಾಸ್‌ಪೋರ್ಟಿನ ಬಣ್ಣ ಮುಖ್ಯವಾದದ್ದು ಅನ್ಯಾಯ. ಬೆಂಗಳೂರಿನ ಶಾಲೆಯಲ್ಲಿ ಬೆಳೆದ ಪದ್ಧತಿಯನ್ನು ಬಳಸಲು ಬೆಂಗಳೂರಿನವನಿಗೇ ಅನುಮತಿಯಿಲ್ಲ! ಕೊಲ್ಲಿ ದೇಶಗಳಲ್ಲಿರುವ ಭಾರತೀಯ ಪಠ್ಯಕ್ರಮದ ಶಾಲೆಗಳು, ಮಾಲ್ಡೀವ್ಸ್ ಮತ್ತು ಆಫ್ರಿಕದ ಕೆಲವು ದೇಶಗಳು ನಮ್ಮ ಬಿ.ಇಡಿ.ಗೆ ಈಗಲೂ ಬೆಲೆ ಕೊಡುತ್ತವೆ.

ಹೊರಡುವವರಿಗೆ ಮೇಷ್ಟ್ರಾಗಿ ಎರಡು ಮಾತು. 1983ರ ವಲಸೆ ಕಾಯ್ದೆ ಬಂದಾಗಿನಿಂದ ಪರವಾನಗಿಯಿಲ್ಲದವರು ಹೊರದೇಶದ ಕೆಲಸಕ್ಕೆ ಜನರನ್ನು ಸೇರಿಸುವುದು ಅಪರಾಧ. ಏಜೆಂಟರಿಗೆ ಹಣ ಕೊಡುವ ಮೊದಲು ಅವರ ಪರವಾನಗಿಯನ್ನು ನೋಡಿರಿ. ಕರಾರಿನಲ್ಲಿ ಸಂಬಳ ಯಾವ ನಾಣ್ಯದಲ್ಲಿ, ಊರಿಗೆ ಎಷ್ಟನ್ನು ಕಳುಹಿಸಬಹುದು, ಮರಳುವ ಟಿಕೆಟ್ ಯಾರದು ಎಂಬುದನ್ನು ಓದಿದ ಮೇಲೆಯೇ ಸಹಿ ಮಾಡಿರಿ. ನೈಜೀರಿಯಕ್ಕೆ ಹೋದವರು ಕಣ್ಣೀರಿನಿಂದ ಕಲಿತ ಪಾಠ ಇದು. ಹೊಲ ಅಡವಿಟ್ಟು ಹೋಗಬೇಡಿರಿ. ಹೋಗುವುದಾದರೆ ಅಳುಕಿಲ್ಲದೆ ಹೋಗಿರಿ. ಐದನೆಯ ತರಗತಿಯಲ್ಲಿ ತಿದ್ದಿದ ಆ ಎ ಬಿ ಸಿ ಡಿ ನಿಮ್ಮ ಕೊರತೆಯಲ್ಲ, ಬಂಡವಾಳ.

ಬಂಧುಗಳಲ್ಲಿ ಒಂದು ವಿನಂತಿ. ಇಥಿಯೋಪಿಯ, ನೈಜೀರಿಯಗಳಿಂದ ನಿಮ್ಮ ಮನೆಗೆ ಬಂದ ನೀಲಿ ಏರೋಗ್ರಾಮುಗಳು, ಶಾಲೆಯ ಮಕ್ಕಳೊಡನೆ ತೆಗೆಸಿದ ಭಾವಚಿತ್ರಗಳು ಹಳೆಯ ಟ್ರಂಕುಗಳಲ್ಲಿ ಇದ್ದೀತು. ಮನೆ ಬದಲಾಯಿಸುವಾಗ ರದ್ದಿಗೆ ಹಾಕಬೇಡಿರಿ. ನಮ್ಮ ಊರುಗಳ ಈ ಚರಿತ್ರೆಯ ಬಹುಭಾಗ ಉಳಿದಿರುವುದು ಆ ಕಾಗದಗಳಲ್ಲಿ ಮಾತ್ರ.