ವಯಸ್ಸಾದಂತೆ ಆಟಗಾರರು ಮಂಕಾಗುತ್ತಾರಾ? ಡೊಂಬಿವಲಿಯ ರಹಾನೆಯಿಂದ ಎನ್‌ಬಿಎಯ ಲೆಬ್ರಾನ್‌ವರೆಗೆ ಅಂಕಿ-ಅಂಶ ಹೇಳುವುದೇನು?

2025ರ ನವೆಂಬರ್ 2ರಂದು ನವಿ ಮುಂಬೈನ ಡಿ.ವೈ. ಪಾಟೀಲ್ ಕ್ರೀಡಾಂಗಣದಲ್ಲಿ ಭಾರತ ಮಹಿಳಾ ತಂಡ ದಕ್ಷಿಣ ಆಫ್ರಿಕಾವನ್ನು 52 ರನ್‌ಗಳಿಂದ ಮಣಿಸಿ ಏಕದಿನ ವಿಶ್ವಕಪ್ ಗೆದ್ದಿತು. ಫೈನಲ್‌ನಲ್ಲಿ 87 ರನ್ ಬಾರಿಸಿ, 2 ವಿಕೆಟ್ ಕಿತ್ತ ಶಫಾಲಿ ವರ್ಮಾಗೆ ಆಗ 21 ವರ್ಷ. ಕೊನೆಯ ಕ್ಯಾಚ್ ಹಿಡಿದ ನಾಯಕಿ ಹರ್ಮನ್‌ಪ್ರೀತ್ ಕೌರ್‌ಗೆ 36. ಒಂದೇ ತಂಡದಲ್ಲಿ 15 ವರ್ಷಗಳ ಅಂತರ. ಹಾಗಾದರೆ ಆಟಗಾರರ ಸಾಮರ್ಥ್ಯ ಯಾವ ವಯಸ್ಸಿನಲ್ಲಿ ಗರಿಷ್ಠ ಮಟ್ಟ ತಲುಪುತ್ತದೆ? ಯಾವಾಗ ಇಳಿಯುತ್ತದೆ? ಇದನ್ನು ಲೆಕ್ಕ ಹಾಕುವ ವಿಧಾನಗಳು ಬೇಸ್‌ಬಾಲ್ ಮತ್ತು ಬ್ಯಾಸ್ಕೆಟ್‌ಬಾಲ್‌ನಲ್ಲಿ ಬೆಳೆದಿವೆ.

ಏನಿದು ‘ವಯಸ್ಸಿನ ರೇಖೆ’?

ಆಟಗಾರರ ವಯಸ್ಸನ್ನು ಒಂದು ಕಡೆ, ಸಾಧನೆಯನ್ನು ಇನ್ನೊಂದು ಕಡೆ ಇಟ್ಟು ನಕ್ಷೆ ಬರೆದರೆ ಸಾಮಾನ್ಯವಾಗಿ ಗುಡ್ಡದ ಆಕಾರ ಕಾಣುತ್ತದೆ. ಇಪ್ಪತ್ತರ ಆರಂಭದಲ್ಲಿ ವೇಗದ ಏರಿಕೆ, ಇಪ್ಪತ್ತರ ಕೊನೆಯ ವರ್ಷಗಳಲ್ಲಿ ತುದಿ, ಮೂವತ್ತರ ಬಳಿಕ ನಿಧಾನ ಇಳಿಕೆ. ಬೇಸ್‌ಬಾಲ್ ವಿಶ್ಲೇಷಕ ಟಾಮ್ ಟ್ಯಾಂಗೋ ರೂಪಿಸಿದ ‘ಮಾರ್ಸೆಲ್’ ಎಂಬ ಸರಳ ಮಾದರಿ ಹಿಂದಿನ ಮೂರು ಋತುಗಳಿಗೆ 5, 4, 3ರ ತೂಕ ಕೊಡುತ್ತದೆ. ಅಂದರೆ ಇತ್ತೀಚಿನ ಆಟಕ್ಕೆ ಹೆಚ್ಚು ಬೆಲೆ. ಬಳಿಕ 29 ವರ್ಷವನ್ನು ಗಡಿಯಾಗಿಟ್ಟು, ಕಿರಿಯರಿಗೆ ಸ್ವಲ್ಪ ಕೂಡಿಸಿ ಹಿರಿಯರಿಗೆ ಸ್ವಲ್ಪ ಕಳೆಯುತ್ತದೆ.

ಫೈವ್‌ಥರ್ಟಿಎಯ್ಟ್ ಜಾಲತಾಣ 2015ರಲ್ಲಿ ಎನ್‌ಬಿಎಗಾಗಿ ತಂದ ‘ಕಾರ್ಮೆಲೊ’ ಮಾದರಿಯ ದಾರಿ ಬೇರೆ. ಅದು ಒಬ್ಬ ಆಟಗಾರನನ್ನು ಅದೇ ವಯಸ್ಸಿನಲ್ಲಿ ಹಾಗೆಯೇ ಆಡುತ್ತಿದ್ದ ಹಳೆಯ ಆಟಗಾರರೊಂದಿಗೆ ಹೋಲಿಸಿ, ಅವರಿಗೆ ಮುಂದೇನಾಯಿತು ಎಂಬುದರ ಮೇಲೆ ಭವಿಷ್ಯ ಅಂದಾಜಿಸುತ್ತಿತ್ತು.

ಸರಾಸರಿ ಎಲ್ಲಿ ದಾರಿ ತಪ್ಪಿಸುತ್ತದೆ?

25 ವರ್ಷದ ನೂರು ಆಟಗಾರರಿದ್ದಾರೆ, ಅವರಲ್ಲಿ 36ನೇ ವಯಸ್ಸಿನವರೆಗೆ ಉಳಿದವರು ಐವರು ಎಂದಿಟ್ಟುಕೊಳ್ಳಿ. ಆ ಐವರ ಸರಾಸರಿ ನೂರು ಮಂದಿಯ ಸರಾಸರಿಗಿಂತ ಹೆಚ್ಚೇ ಇರಬಹುದು. ಹಾಗೆಂದು ವಯಸ್ಸಾದಂತೆ ಆಟ ಸುಧಾರಿಸುತ್ತದೆ ಎಂದರ್ಥವಲ್ಲ. ಕುಸಿದವರು ತಂಡದಿಂದ ಹೊರಬಿದ್ದಿದ್ದಾರೆ, ಅತ್ಯುತ್ತಮರು ಮಾತ್ರ ಲೆಕ್ಕದಲ್ಲಿ ಉಳಿದಿದ್ದಾರೆ ಅಷ್ಟೇ.

ಇದನ್ನು ತಪ್ಪಿಸಲು ಒಬ್ಬನೇ ಆಟಗಾರನ ಈ ವರ್ಷದ ಆಟವನ್ನು ಅವನದೇ ಮುಂದಿನ ವರ್ಷದ ಆಟದೊಂದಿಗೆ ಹೋಲಿಸಲಾಗುತ್ತದೆ. ಆದರೆ ಇಲ್ಲೂ ತೊಡಕಿದೆ. ಅದೃಷ್ಟ ಕೈಕೊಟ್ಟು ಒಂದು ವರ್ಷ ವಿಫಲನಾದವನನ್ನು ಕೈಬಿಟ್ಟರೆ, ಮರುವರ್ಷ ಆತ ಚೇತರಿಸಿಕೊಳ್ಳುತ್ತಿದ್ದನೇ ಎಂಬುದು ದಾಖಲಾಗುವುದೇ ಇಲ್ಲ. ಹೀಗಾಗಿ ಈ ವಿಧಾನ ಇಳಿಕೆಯನ್ನು ನಿಜಕ್ಕಿಂತ ಹೆಚ್ಚು ತೋರಿಸುವ ಸಾಧ್ಯತೆ ಇದೆ.

ರಹಾನೆ ಪ್ರಕರಣ

ಲೋಕಲ್ ರೈಲಿನಲ್ಲಿ ಮುಂಬೈಗೆ ಅಭ್ಯಾಸಕ್ಕೆ ಹೋಗುತ್ತಾ ಡೊಂಬಿವಲಿಯಲ್ಲಿ ಬೆಳೆದ ಅಜಿಂಕ್ಯ ರಹಾನೆ ಇದಕ್ಕೆ ಒಳ್ಳೆಯ ಉದಾಹರಣೆ. 2021ರಲ್ಲಿ 13 ಟೆಸ್ಟ್‌ಗಳಲ್ಲಿ ಅವರು ಗಳಿಸಿದ್ದು 479 ರನ್, ಸರಾಸರಿ 20.82. ಮರುವರ್ಷ ತಂಡದಿಂದ ಹೊರಬಿದ್ದರು. ಆಗ ಅವರಿಗೆ 33 ವರ್ಷ. ರೇಖೆಯನ್ನಷ್ಟೇ ನೋಡಿದವರಿಗೆ ಕಥೆ ಮುಗಿದಂತೆ ಕಾಣುತ್ತಿತ್ತು.

ಆದರೆ 2023ರ ಐಪಿಎಲ್‌ನಲ್ಲಿ ಚೆನ್ನೈ ಪರ 170ಕ್ಕೂ ಹೆಚ್ಚಿನ ಸ್ಟ್ರೈಕ್‌ರೇಟ್‌ನಲ್ಲಿ ಆಡಿದರು. ಅದೇ ಜೂನ್‌ನಲ್ಲಿ, 35 ತುಂಬಿದ ಮರುದಿನ ಆರಂಭವಾದ ವಿಶ್ವ ಟೆಸ್ಟ್ ಚಾಂಪಿಯನ್‌ಷಿಪ್ ಫೈನಲ್‌ನಲ್ಲಿ 89 ಮತ್ತು 46 ರನ್ ಗಳಿಸಿದರು. ನಂತರದ ವೆಸ್ಟ್ ಇಂಡೀಸ್ ಪ್ರವಾಸದಲ್ಲಿ ಬಂದದ್ದು ಕೇವಲ 3 ಮತ್ತು 8. ಮತ್ತೆ ಅವಕಾಶ ಸಿಗಲಿಲ್ಲ. 2024ರ ಡಿಸೆಂಬರ್‌ನಲ್ಲಿ 36ನೇ ವಯಸ್ಸಿನಲ್ಲಿ ಸೈಯದ್ ಮುಷ್ತಾಕ್ ಅಲಿ ಟ್ರೋಫಿಯಲ್ಲಿ 469 ರನ್ ಸಿಡಿಸಿ ಸರಣಿಶ್ರೇಷ್ಠರಾದರು. ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಮುಂಬೈ ಕಪ್ ಎತ್ತಿತು.

ಎರಡು ಇನ್ನಿಂಗ್ಸ್‌ನಿಂದ ಆಟಗಾರ ಮುಗಿದ ಎನ್ನಲಾಗದು, ಎರಡು ಇನ್ನಿಂಗ್ಸ್‌ನಿಂದ ಮರಳಿ ಬಂದ ಎನ್ನಲೂ ಆಗದು. ಸಣ್ಣ ಲೆಕ್ಕದಿಂದ ದೊಡ್ಡ ತೀರ್ಮಾನಕ್ಕೆ ಬರುವುದು ಅಪಾಯಕಾರಿ. ಒಂದೊಂದು ತೀರ್ಮಾನವೂ ಒಬ್ಬರ ಜೀವನೋಪಾಯ.

ಎಲ್ಲ ಕೌಶಲವೂ ಒಟ್ಟಿಗೆ ಕುಸಿಯುವುದಿಲ್ಲ

ಬ್ಯಾಸ್ಕೆಟ್‌ಬಾಲ್‌ನಲ್ಲಿ ವೇಗ ಮತ್ತು ಜಿಗಿತವನ್ನು ಅವಲಂಬಿಸಿದ ಕೌಶಲಗಳು ಬೇಗ ಇಳಿಯುತ್ತವೆ. ದೂರದ ಶೂಟಿಂಗ್, ಫ್ರೀ ಥ್ರೋ, ಪಾಸ್ ನೀಡುವ ಜಾಣ್ಮೆ ಹೆಚ್ಚು ಕಾಲ ಉಳಿಯುತ್ತವೆ. ಲೆಬ್ರಾನ್ ಜೇಮ್ಸ್ 2005-06ರಲ್ಲಿ ಪಂದ್ಯಕ್ಕೆ ಸರಾಸರಿ 31.4 ಅಂಕ ಗಳಿಸಿದ್ದರು. ಅದು ಅವರ ವೃತ್ತಿಜೀವನದ ಗರಿಷ್ಠ. ಆದರೆ ಮೂರು ಅಂಕದ ಎಸೆತಗಳಲ್ಲಿ ಅವರ ಶ್ರೇಷ್ಠ ಋತು 2023-24, ಯಶಸ್ಸು ಶೇ 41. ಆ ಋತುವಿನಲ್ಲಿ ಅವರಿಗೆ 39 ತುಂಬಿತ್ತು! ಇನ್ನೊಂದೆಡೆ 22 ಋತು ಆಡಿದ ವಿನ್ಸ್ ಕಾರ್ಟರ್ ಸರಾಸರಿ 2000-01ರಲ್ಲಿ 27.6 ಇದ್ದದ್ದು, 2019-20ರ ಕೊನೆಯ ಋತುವಿನಲ್ಲಿ 5ಕ್ಕೆ ಇಳಿಯಿತು. ಪಾತ್ರ ಬದಲಿಸಿಕೊಂಡೇ ಅವರು ಅಷ್ಟು ಕಾಲ ಉಳಿದರು.

ಜನ್ಮದಿನಾಂಕವೇ ತಪ್ಪಾದರೆ?

ಮಾದರಿ ಎಷ್ಟೇ ಚೆನ್ನಾಗಿದ್ದರೂ ವಯಸ್ಸಿನ ದಾಖಲೆ ಸುಳ್ಳಾದರೆ ಎಲ್ಲವೂ ತಲೆಕೆಳಗು. 17ರ ಹುಡುಗ 15ರವನೆಂದು ಆಡಿದರೆ ಲೆಕ್ಕದಲ್ಲಿ ಅಪ್ರತಿಮ ಪ್ರತಿಭೆಯಂತೆ ಕಾಣುತ್ತಾನೆ. ನಿಜವಾದ 15ರ ಹುಡುಗ ಅವಕಾಶ ಕಳೆದುಕೊಳ್ಳುತ್ತಾನೆ. 16 ವರ್ಷದೊಳಗಿನವರ ಕ್ರಿಕೆಟ್‌ಗೆ ಬಿಸಿಸಿಐ ಮೂಳೆ ಪರೀಕ್ಷೆ ನಡೆಸುವುದು ಇದೇ ಕಾರಣಕ್ಕೆ.

ಒಟ್ಟಿನಲ್ಲಿ ವಯಸ್ಸಿನ ರೇಖೆ ಸಾವಿರಾರು ಆಟಗಾರರ ಸರಾಸರಿ ಹಾದಿಯನ್ನು ತೋರಿಸುತ್ತದೆ. ಠಾಣೆ, ಕಲ್ಯಾಣ್‌ನ ಮೈದಾನದಲ್ಲಿ ಬೆಳಗ್ಗೆ ಅಭ್ಯಾಸಕ್ಕೆ ಇಳಿಯುವ ಆಟಗಾರ ಆ ಹಾದಿಯಲ್ಲೇ ಸಾಗುತ್ತಾನೆ ಎಂದು ಅದು ಖಾತರಿ ಕೊಡುವುದಿಲ್ಲ. ಆಯ್ಕೆಗಾರರು ಅಂಕಿ-ಅಂಶದ ಜೊತೆಗೆ ಫಿಟ್ನೆಸ್, ಪಾತ್ರ ಮತ್ತು ಸಿಕ್ಕ ಅವಕಾಶಗಳ ಸಂಖ್ಯೆಯನ್ನೂ ನೋಡಬೇಕಾಗುತ್ತದೆ.