ಹಾರ್ಲೆಮಿನ ಚಿತ್ರ, ಹಾರ್ಲೆಮಿನ ಚಿತ್ರಕಾರರು

ಕಲಾಸಂಗ್ರಹಾಲಯವೊಂದು ಒಂದು ಜನಾಂಗದ ಬಾಳನ್ನು ತನ್ನ ಗೋಡೆಗಳ ಮೇಲೆ ತೋರಿಸುವುದು ಬೇರೆ. ಆ ಜನಾಂಗದವರನ್ನು ಕಲಾವಿದರೆಂದು ಮನ್ನಿಸುವುದು ಬೇರೆ. ಈ ಭೇದವನ್ನು ಸ್ಫುಟಪಡಿಸುವ ಒಂದು ಪ್ರಸಂಗವನ್ನು ನಾವಿಲ್ಲಿ ಪರಿಶೀಲಿಸುತ್ತೇವೆ.

1969ರ ಜನವರಿಯಲ್ಲಿ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಕಲಾಸಂಗ್ರಹಾಲಯದಲ್ಲಿ ‘ಹಾರ್ಲೆಮ್ ಆನ್ ಮೈ ಮೈಂಡ್’ ಎಂಬ ಪ್ರದರ್ಶನವು ಪ್ರಾರಂಭವಾಯಿತು. ಕರಿಯ ಅಮೆರಿಕನ್ನರ ಸಾಂಸ್ಕೃತಿಕ ರಾಜಧಾನಿಯೆನಿಸಿದ ಹಾರ್ಲೆಮಿನ 1900ರಿಂದ 1968ರವರೆಗಿನ ಚರಿತ್ರೆಯನ್ನು ನಿರೂಪಿಸುವುದು ಅದರ ಉದ್ದೇಶ. ನಿರ್ದೇಶಕರಾಗಿದ್ದ ಥಾಮಸ್ ಹೋವಿಂಗರು ಸಂಗ್ರಹಾಲಯದ ಬಾಗಿಲನ್ನು ನಗರದ ಸಮಸ್ತ ಜನಕ್ಕೂ ತೆರೆಯಬಯಸಿದ್ದರು. ಸಂಯೋಜಕ ಅಲನ್ ಶೋನರರು ಹಿಗ್ಗಿಸಿದ ಛಾಯಾಚಿತ್ರಗಳಿಂದಲೂ ಧ್ವನಿಮುದ್ರಣಗಳಿಂದಲೂ ಕೋಣೆಗಳನ್ನು ತುಂಬಿದರು. ಆದರೆ ಹಾರ್ಲೆಮಿನ ಕಲಾವಿದರ ವರ್ಣಚಿತ್ರಗಳಿಗಾಗಲಿ ಶಿಲ್ಪಗಳಿಗಾಗಲಿ ಅಲ್ಲಿ ಎಡೆಯಿರಲಿಲ್ಲ.

ಕೃತಿಗಳ ಅಭಾವವೇ ಇದಕ್ಕೆ ಕಾರಣವೆನ್ನಲಾಗದು. ಜೇಕಬ್ ಲಾರೆನ್ಸರ ‘ಪೂಲ್ ಪಾರ್ಲರ್’ ಚಿತ್ರವನ್ನು ಇದೇ ಸಂಗ್ರಹಾಲಯವು 1942ರಲ್ಲಿಯೇ ಕೊಂಡಿತ್ತು. ರೊಮೇರ್ ಬಿಯರ್ಡನ್, ನಾರ್ಮನ್ ಲೂಯಿಸ್ ಮೊದಲಾದವರು ಅದೇ ನಗರದಲ್ಲಿ ಕೃತಿರಚನೆಯಲ್ಲಿ ತೊಡಗಿದ್ದರು. ಹಾರ್ಲೆಮಿನಲ್ಲಿ 1968ರಲ್ಲಿ ‘ಸ್ಟುಡಿಯೊ ಮ್ಯೂಸಿಯಂ’ ಕೂಡ ಸ್ಥಾಪಿತವಾಗಿತ್ತು. ಆದುದರಿಂದಲೇ ಬೆನ್ನಿ ಆಂಡ್ರೂಸ್, ಕ್ಲಿಫ್ ಜೋಸೆಫ್ ಮುಂತಾದ ಕಲಾವಿದರು ‘ಬ್ಲ್ಯಾಕ್ ಎಮರ್ಜೆನ್ಸಿ ಕಲ್ಚರಲ್ ಕೋಅಲಿಷನ್’ ಎಂಬ ಸಂಘವನ್ನು ಕಟ್ಟಿ ಸಂಗ್ರಹಾಲಯದ ಮುಂದೆ ಪ್ರತಿಭಟಿಸಿದರು. ಕಲೆಗೆಂದೇ ಮೀಸಲಾದ ಮಂದಿರದಲ್ಲಿ ತಮ್ಮ ಜನ ಸಮಾಜಶಾಸ್ತ್ರದ ಸಾಮಗ್ರಿಯಾಗಿ ಮಾತ್ರ ಕಾಣಿಸಿಕೊಂಡರೆಂಬುದೇ ಅವರ ಆಕ್ಷೇಪಣೆಯ ತಿರುಳು.

ಇನ್ನೊಂದು ಅಂಶವನ್ನೂ ಮರೆಯುವಂತಿಲ್ಲ. ಹಾರ್ಲೆಮಿನಲ್ಲಿ ದಶಕಗಳ ಕಾಲ ಛಾಯಾಚಿತ್ರಶಾಲೆಯನ್ನು ನಡೆಸಿದ ಜೇಮ್ಸ್ ವ್ಯಾನ್ ಡರ್ ಜೀಯವರು ದೇಶದಲ್ಲೆಲ್ಲ ಪ್ರಸಿದ್ಧರಾದುದು ಈ ಪ್ರದರ್ಶನದಿಂದಲೇ. ಆಗ ಅವರಿಗೆ 82 ವರ್ಷ. ಅಂದು ದಾಖಲೆಗಳೆಂದು ತೂಗಿದ ಅವರ ಚಿತ್ರಗಳು ಇಂದು ಕಲೆಯೆಂದೇ ಗಣ್ಯವಾಗಿವೆ. ಅವರ ಚಿತ್ರಸಂಚಯವನ್ನು 2021ರಲ್ಲಿ ಮೆಟ್ರೊಪಾಲಿಟನ್ ಸಂಗ್ರಹಾಲಯವು ಸ್ಟುಡಿಯೊ ಮ್ಯೂಸಿಯಮ್ಮಿನೊಡಗೂಡಿ ಪಡೆದುಕೊಂಡಿತು. 2024ರಲ್ಲಿ ಡೆನಿಸ್ ಮರ್ರೆಲ್ ಅವರು ಅಲ್ಲಿಯೇ ಏರ್ಪಡಿಸಿದ ಹಾರ್ಲೆಮ್ ನವೋದಯದ ಪ್ರದರ್ಶನದಲ್ಲಿ ಆರನ್ ಡಗ್ಲಸ್, ಅಗಸ್ಟಾ ಸ್ಯಾವೇಜ್ ಮುಂತಾದವರವೂ ಸೇರಿ ಸುಮಾರು 160 ಕೃತಿಗಳಿದ್ದುವು. ಈ ತಿದ್ದುಪಡಿಗೆ 55 ವರ್ಷಗಳು ಬೇಕಾದುವು.

ಹೋವಿಂಗರ ಸದುದ್ದೇಶವನ್ನು ನಾವು ಶಂಕಿಸುವುದಿಲ್ಲ. ಆದರೆ ಒಂದು ಜನರ ಕಥೆಯನ್ನು ಹೇಳುವಾಗ ಅವರು ತಾವೇ ರಚಿಸಿಕೊಂಡ ರೂಪಗಳನ್ನು ಹೊರಗಿಟ್ಟರೆ ಆ ಕಥೆ ಪರರ ಕಥನವಾಗಿಯೇ ಉಳಿಯುವುದು. ಸಂಗ್ರಹಾಲಯಗಳ ಚರಿತ್ರೆಯನ್ನು ಅಭ್ಯಾಸಮಾಡುವವರು ಪ್ರದರ್ಶಿತ ವಸ್ತುಗಳ ಪಟ್ಟಿಯೊಡನೆ ಬಿಟ್ಟುಹೋದವುಗಳ ಪಟ್ಟಿಯನ್ನೂ ಸಿದ್ಧಪಡಿಸಿಕೊಳ್ಳುವುದು ಅವಶ್ಯಕವೆಂದು ನಾವು ಭಾವಿಸುತ್ತೇವೆ.