ಆಟಕ್ಕುಂಟು ಲೆಕ್ಕಕ್ಕಿಲ್ಲ
‘ಆಡು’ವಿನಿಂದ ಆಟ, ‘ಲೇಖ್ಯ’ದ ತದ್ಭವ ಲೆಕ್ಕ. ಓಡಲಾರದ ಪುಟ್ಟ ಮಗುವನ್ನೂ ಬಿಡದೆ ಸೇರಿಸಿಕೊಂಡು, ಔಟಾದರೂ ಎಣಿಸದೆ ಆಡಿಸುವ ಮಕ್ಕಳ ನುಡಿಗಟ್ಟಿದು. ಕೋಲಾರ, ಮಾಲೂರಿನಿಂದ ಗಡಿಯ ಮುಳಬಾಗಿಲು, ಶ್ರೀನಿವಾಸಪುರದತ್ತ ಹೋದರೆ ತೆಲುಗೂ ಮನೆಮಾತು; ತೆಲುಗಿನಲ್ಲಿ ಇಂಥ ಮಗು ‘ಆಟಲೋ ಅರಟಿಪಂಡು’, ಅಂದರೆ ಆಟದಲ್ಲಿನ ಬಾಳೆಹಣ್ಣು. ದೊಡ್ಡವರ ಬಾಯಲ್ಲಿ ಅಕ್ಕರೆ ಕಳೆದು, ಹೆಸರಿಗಷ್ಟೇ ಇರುವವರು ಎಂಬ ಅರ್ಥ ಉಳಿಯಿತು. ಅಂಗವಿಕಲ ಮಕ್ಕಳಿಗೆ ಸಿಗುವುದು ಬಹುಪಾಲು ಈ ಎರಡನೆಯ ಅರ್ಥವೇ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 16ನೇ ಸೆಕ್ಷನ್, ಸರ್ಕಾರದ ಅನುದಾನ ಅಥವಾ ಮಾನ್ಯತೆ ಪಡೆದ ಶಾಲೆಗಳು ಕ್ರೀಡೆ, ಮನರಂಜನೆಯಲ್ಲಿ ಇವರಿಗೆ ಸಮಾನ ಅವಕಾಶ ಒದಗಿಸಬೇಕೆನ್ನುತ್ತದೆ. ಬೇಸಿಗೆ ಶಿಬಿರ ನಡೆಸುವವರೇ, ಗಾಲಿಕುರ್ಚಿಯ ಮಗುವನ್ನು ಚಪ್ಪಾಳೆ ತಟ್ಟಲಷ್ಟೇ ಕೂರಿಸಬೇಡಿ. ಆಟದ ನಿಯಮ ಬದಲಿಸಿ, ಲೆಕ್ಕಕ್ಕೂ ಸೇರಿಸಿಕೊಳ್ಳಿ.